ಕೆಳಗೆ ಗಟ್ಟಿಯಿದೆ

ಎಮಿಲ್ ಹ್ರುಸ್ಕಾ ಒಂದು ದಿನವೂ ಬೇಸ್‌ಬಾಲ್ ಆಡಿದವನಲ್ಲ. ಹದಿನಾರನೇ ವಯಸ್ಸಿಗೇ ಎಡಗೈಯ ಎರಡು ಬೆರಳು ಗಾಜಿನ ಕಾರ್ಖಾನೆಯ ಪಾಲಾಗಿದ್ದವು. ಆದರೂ ಕೆಲ್ಸೋ ಫೆರಿ ಊರಿನಲ್ಲಿ ಆಟಕ್ಕೆ ಅವನಷ್ಟು ಹತ್ತಿರವಿದ್ದವರು ಯಾರೂ ಇರಲಿಲ್ಲ. ನದಿದಂಡೆಯ ಮೈದಾನದ ನೆಲವನ್ನು ಇಪ್ಪತ್ತಮೂರು ವರ್ಷ ನೋಡಿಕೊಂಡವನು ಅವನು.

ಮಾರ್ಚಿನಲ್ಲಿ ಹಿಮ ಕರಗುತ್ತಿದ್ದಂತೆ ಅವನ ಕೆಲಸ ಶುರು. ಬೇಸ್ ಎಂಬ ನಾಲ್ಕು ಮೂಲೆಗುರುತುಗಳ ನಡುವೆ ಆಟಗಾರರು ಓಡುವ ದಾರಿಯ ಕೆಂಪು ಜೇಡಿಮಣ್ಣನ್ನು ಅಗೆದು, ಜರಡಿ ಹಿಡಿದು, ಕಾರ್ಖಾನೆಯ ಹಳೇ ಭಟ್ಟಿಗಳ ಇಟ್ಟಿಗೆ ಕುಟ್ಟಿದ ಪುಡಿಯನ್ನು ಅದಕ್ಕೆ ಬೆರೆಸಿ, ನೀರು ಚಿಮುಕಿಸಿ, ರೋಲರ್ ಎಳೆದು ಮಟ್ಟ ಮಾಡುತ್ತಿದ್ದ. ಎಷ್ಟು ಪುಡಿ, ಎಷ್ಟು ನೀರು ಎನ್ನುವುದು ಎಲ್ಲೂ ಬರೆದಿಟ್ಟದ್ದಲ್ಲ, ಅವನ ಅಂಗೈಗೆ ಗೊತ್ತಿತ್ತು, ಅಷ್ಟೇ. ಬೆಳಗಾದರೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಆ ದಾರಿಯುದ್ದಕ್ಕೂ ನಡೆಯುವನು. ಕಡಲೆಕಾಳಿನಷ್ಟು ಕಲ್ಲು ಕಂಡರೂ ಬಗ್ಗಿ ಹೆಕ್ಕಿ ಜೇಬಿಗೆ ಹಾಕಿಕೊಳ್ಳುವನು. ಹೆಂಡತಿ ಡೊಲೊರೆಸ್ ಅವನ ಪ್ಯಾಂಟು ಒಗೆಯುವ ಮುಂಚೆ ಜೇಬು ಕೊಡವಬೇಕಿತ್ತು. "ಬೇರೆಯವರ ಗಂಡಂದಿರ ಜೇಬಲ್ಲಿ ಚಿಲ್ಲರೆ ಸಿಗುತ್ತೆ, ನನ್ನ ಗಂಡನ ಜೇಬಲ್ಲಿ ಜಲ್ಲಿ" ಎಂದು ಅಕ್ಕಪಕ್ಕದ ಹೆಂಗಸರ ಮುಂದೆ ಹೇಳಿ ನಗುತ್ತಿದ್ದಳು.

ಈ ಕೆಲಸಕ್ಕೆ ಹೊಗಳಿಕೆ ಅನ್ನುವುದೇ ಇಲ್ಲ. ಚೆಂಡು ಅಡ್ಡಾದಿಡ್ಡಿ ಪುಟಿದರೆ ಬೈಗಳು ಎಮಿಲ್‌ಗೆ, ನೆಟ್ಟಗೆ ಪುಟಿದರೆ ಚಪ್ಪಾಳೆ ಆಟಗಾರನಿಗೆ. ಇಪ್ಪತ್ತಮೂರು ವರ್ಷದಲ್ಲಿ ಅವನ ಹೆಸರು ಪತ್ರಿಕೆಯಲ್ಲಿ ಒಂದು ಸಲವೂ ಬಂದಿರಲಿಲ್ಲ. ಅದರ ಬಗ್ಗೆ ಕೊರಗುವ ಜಾಯಮಾನವೂ ಅವನದಲ್ಲ ಎಂದು ಎಲ್ಲರೂ ತಿಳಿದಿದ್ದರು, ಅವನೂ ಹಾಗೇ ತಿಳಿದಿದ್ದ.

ಅವನಿಗಿದ್ದ ಒಂದೇ ಹೆಸರು ಎಂದರೆ ಮಾತಿನದು. ಒಂದು ಸಲ ಊರಿನ ತಂಡದವನು ಹೊಡೆದ ಚೆಂಡು ಬೇಲಿಯ ಮೇಲಿಂದ ದಾಟಿತೋ ಕೆಳಗಿನ ಸಂದಿಯಿಂದ ನುಸುಳಿತೋ ಎಂದು ಜಗಳ ಹತ್ತಿತ್ತು. ಮೇಲಿಂದ ಹೋಗಿದ್ದರೆ ಊರಿಗೆ ಗೆಲುವು. ಅಂಪೈರ್ ಲೈಲ್ ಸ್ಟ್ರಾಬ್ ಸೀದಾ ಬೇಲಿಯ ಬಳಿ ನಿಂತಿದ್ದ ಎಮಿಲ್‌ನನ್ನು ಕೇಳಿದ. "ಕೆಳಗಿಂದ" ಎಂದ ಎಮಿಲ್. ಊರು ಸೋತಿತು. ಅಂದಿನಿಂದ ಲೈಲ್ ಈ ಮೈದಾನಕ್ಕೆ ಬಂದರೆ ನೆಲ ಪರೀಕ್ಷಿಸುವುದನ್ನೇ ಬಿಟ್ಟಿದ್ದ. "ಏನಪ್ಪಾ ಎಮಿಲ್, ಸರಿಯಿದೆಯಾ?" ಎಂದು ಕೇಳುವನು. "ಇದೆ" ಎಂದರೆ ಮುಗಿಯಿತು.

ಆ ವರ್ಷ, ಅಂದರೆ ಸಾವಿರದ ಒಂಬೈನೂರ ಎಪ್ಪತ್ತೇಳರ ಸೆಪ್ಟೆಂಬರಿನಲ್ಲಿ, ಊರಿನ ತಂಡವಾದ ಫೆರಿಮೆನ್ ಹನ್ನೊಂದು ವರ್ಷದ ಮೇಲೆ ಪೂರ್ವ ವಿಭಾಗದಲ್ಲಿ ಮೊದಲ ಸ್ಥಾನಕ್ಕೆ ಬಂತು. ಪಶ್ಚಿಮ ವಿಭಾಗ ಗೆದ್ದು ಬಂದದ್ದು ವಾರ್ಡೆಲ್ ಮ್ಯೂಲ್ಸ್. ಎರಡೂ ವಿಭಾಗದ ಚಾಂಪಿಯನ್ನರ ನಡುವೆ ಐದು ಆಟ, ಮೂರು ಗೆದ್ದವರಿಗೆ ಲೀಗಿನ ಕಿರೀಟ. ಮೊದಲೆರಡು ಅವರ ಊರಲ್ಲಿ, ಉಳಿದ ಮೂರು ಇಲ್ಲಿ.

ಅದು ಬರೀ ಕಿರೀಟದ ಮಾತಾಗಿರಲಿಲ್ಲ. ತಂಡದ ಮಾಲೀಕ ತಂಡವನ್ನು ಫ್ಲಾರಿಡಾದ ಯಾರಿಗೋ ಮಾರುತ್ತಾನೆಂದು ಬೇಸಿಗೆಯಿಡೀ ಗುಸುಗುಸು ಇತ್ತು. ಗಾಜಿನ ಕಾರ್ಖಾನೆಯಲ್ಲಿ ಎರಡು ಭಟ್ಟಿ ಆಗಲೇ ಆರಿದ್ದವು. ಇನ್ನು ತಂಡವೂ ಹೋದರೆ ಊರಿನಲ್ಲಿ ಸಂಜೆ ಹೊತ್ತು ದೀಪ ಹತ್ತುವುದು ಕೆಲಸಗಾರರು ಕುಡಿಯಲು ಸೇರುವ ಸ್ಲೋವಾಕ್ ಕ್ಲಬ್ಬಿನಲ್ಲಿ ಮಾತ್ರ ಎಂದು ಜನ ಆಡಿಕೊಳ್ಳುತ್ತಿದ್ದರು.

ವಾರ್ಡೆಲ್‌ನಲ್ಲಿ ಆಡಿದ ಎರಡು ಆಟದಲ್ಲಿ ಇವರಿಗೊಂದು, ಅವರಿಗೊಂದು. ಆ ಎರಡೂ ಆಟದಲ್ಲಿ ಊರಿನವರ ನಿದ್ದೆ ಕೆಡಿಸಿದವನು ಮ್ಯೂಲ್ಸ್‌ನ ಓಡೆಲ್ ಬಟೀಸ್ಟ್. ಲೂಯಿಸಿಯಾನಾದ ಕರಿಯ ಯುವಕ, ಇಪ್ಪತ್ತೆರಡು ವರ್ಷ, ಸಪೂರ ಆಳು. ಬೇಸ್‌ಬಾಲಿನಲ್ಲಿ ಒಂದನೇ ಬೇಸಿನಲ್ಲಿ ನಿಂತವನು, ಎದುರು ತಂಡದ ಪಿಚರ್ ಚೆಂಡೆಸೆಯುವ ಗಳಿಗೆಗೇ ಕಾದಿದ್ದು, ಎರಡನೆಯದಕ್ಕೆ ಕದ್ದು ಓಡುವುದುಂಟು. ಆ ವರ್ಷ ಓಡೆಲ್ ಹಾಗೆ ಕದ್ದದ್ದು ತೊಂಬತ್ತು ಸಲ. ಮೇಲಿನ ದೊಡ್ಡ ಲೀಗಿನವರು ಅವನನ್ನು ಮುಂದಿನ ವಸಂತಕ್ಕೆ ಕರೆಸಿಕೊಳ್ಳುತ್ತಾರೆಂದು ಎಲ್ಲರ ಬಾಯಲ್ಲೂ ಇತ್ತು.

ಗುರುವಾರ ಮ್ಯೂಲ್ಸ್ ತಂಡದ ಬಸ್ಸು ಕೆಲ್ಸೋ ಫೆರಿಗೆ ಬಂತು. ಉಳಿದವರು ಹೋಟೆಲಿಗೆ ಹೋದರು. ಓಡೆಲ್ ಒಬ್ಬನೇ ಮೈದಾನಕ್ಕೆ ನಡೆದು ಬಂದ. ಎಮಿಲ್ ಎರಡನೇ ಬೇಸಿನ ಹತ್ತಿರ ಮಂಡಿಯೂರಿ ಕೆಲಸ ಮಾಡುತ್ತಿದ್ದವನು ತಲೆಯೆತ್ತಿ ನೋಡಿದರೆ, ಈ ಯುವಕ ಶೂ ಬಿಚ್ಚಿ ಕೈಯಲ್ಲಿ ಹಿಡಿದು ಬರಿಗಾಲಲ್ಲಿ ನಿಂತಿದ್ದಾನೆ.

"ಇದಕ್ಕೆ ಇಟ್ಟಿಗೆ ಪುಡಿ ಹಾಕಿದೀರಾ, ಮಿಸ್ಟರ್?"

"ಯಾರು ಹೇಳಿದ್ರು ನಿಂಗೆ?"

"ಕಾಲೇ ಹೇಳ್ತು. ನಮ್ಮಜ್ಜಿ ಅಂಗಳ ಹಿಂಗೇ ಇತ್ತು. ಎಷ್ಟು ಮಳೆ ಹುಯ್ದ್ರೂ ಕಾಲು ಹೂತ್ಕೋತಿರ್ಲಿಲ್ಲ." ಅವನು ಹಿಮ್ಮಡಿಯಿಂದ ನೆಲವನ್ನು ಒತ್ತಿ ನೋಡಿದ. "ನಾನು ಈ ಲೀಗಿನ ಎಲ್ಲಾ ನೆಲದ ಮೇಲೂ ಓಡಿದೀನಿ. ನಮ್ಮದೂ ಸೇರಿಸಿ ಹೇಳ್ತೀನಿ, ಇಂಥದ್ದು ಇನ್ನೊಂದಿಲ್ಲ. ನಿಮ್ಮ ಹೆಸರು?"

"ಎಮಿಲ್."

"ಮಿಸ್ಟರ್ ಎಮಿಲ್, ಎಷ್ಟಕ್ಕೆ ಎಷ್ಟು ಪುಡಿ?"

ಇಪ್ಪತ್ತಮೂರು ವರ್ಷದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಎಮಿಲ್ ಎದ್ದು ನಿಂತು ಅರ್ಧ ಗಂಟೆ ಮಾತಾಡಿದ. ಜೇಡಿ ಎಲ್ಲಿಯದು, ಪುಡಿ ಎಷ್ಟು ನಯವಿರಬೇಕು, ಸೂರ್ಯ ಯಾವ ಮೂಲೆಯನ್ನು ಮೊದಲು ಒಣಗಿಸುತ್ತಾನೆ, ಎಲ್ಲ. ಓಡೆಲ್ ಬರಿಗಾಲಲ್ಲೇ ನಿಂತು ಕೇಳಿಸಿಕೊಂಡ. ಅವತ್ತು ಊಟದ ಹೊತ್ತಿಗೆ ಎಮಿಲ್ ಡೊಲೊರೆಸ್‌ಗೆ ಹೇಳಿದ, "ಆ ಮ್ಯೂಲ್ಸ್ ಹುಡುಗ ಒಳ್ಳೆಯವನು ಕಣೇ." ಅವಳು ಕೋಸಿನೆಲೆಯಲ್ಲಿ ಮಾಂಸ ಸುತ್ತುತ್ತಾ, "ನಾಳೆ ನಮ್ಮೋರನ್ನ ಸೋಲಿಸ್ಲಿ, ಆಗ ನೋಡೋಣ ಎಷ್ಟು ಒಳ್ಳೆಯವನು ಅಂತ" ಎಂದಳು.

ಶುಕ್ರವಾರ ಬೆಳಿಗ್ಗೆ ಫೆರಿಮೆನ್ ತಂಡದ ಮ್ಯಾನೇಜರ್ ಕ್ಲೈಡ್ ಟಾಲಿವರ್ ಸಾಮಾನಿನ ಕೊಟ್ಟಿಗೆಗೆ ಬಂದ. ಅವನನ್ನು ಎಲ್ಲರೂ ಸ್ಕಿಪ್ ಎನ್ನುತ್ತಿದ್ದರು. ಕೆನ್ನೆಯಲ್ಲಿ ಹೊಗೆಸೊಪ್ಪು ಅಡಗಿಸಿಟ್ಟುಕೊಂಡು ಮಾತಾಡುವ, ಎದುರಿಗಿದ್ದವನ ಹೆಗಲ ಮೇಲೆ ಕೈ ಹಾಕದೆ ಏನನ್ನೂ ಕೇಳಲಾರದ ಮನುಷ್ಯ.

"ಎಮಿಲ್, ಒಂದನೇ ಬೇಸಿನ ಪಕ್ಕದಲ್ಲಿ ಸ್ವಲ್ಪ ನೀರು ಜಾಸ್ತಿ ಬೀಳ್ಲಿ. ಆ ಬಟೀಸ್ಟ್‌ಗೆ ಕಾಲು ಕೀಳೋದು ಕಷ್ಟ ಆಗ್ಬೇಕು."

"ಅದು ನನ್ನ ಕೈಲಾಗಲ್ಲ, ಸ್ಕಿಪ್."

"ಎಲ್ಲಾ ಊರಲ್ಲೂ ಮಾಡ್ತಾರಪ್ಪ."

"ಮಾಡ್ಲಿ."

ಟಾಲಿವರ್ ಉಗಿದು ನಕ್ಕ. "ಸರಿ ಬಿಡು. ನಿನ್ನ ನೆಲ, ನಿನ್ನಿಷ್ಟ" ಎಂದು ಹೋದ.

ಆ ಆಟದಲ್ಲಿ ಓಡೆಲ್ ನಾಲ್ಕು ಸಲ ಕದ್ದ. ಫೆರಿಮೆನ್ ಸೋತಿತು. ಈಗ ಮ್ಯೂಲ್ಸ್ ಗೆದ್ದ ಆಟ ಎರಡು, ಫೆರಿಮೆನ್ ಗೆದ್ದದ್ದು ಒಂದು. ಇನ್ನೊಂದು ಸೋತರೆ ಕಥೆ ಮುಗಿದಂತೆ.

ಶನಿವಾರ ಟಾಲಿವರ್ ಮತ್ತೆ ಬಂದ. ಈ ಸಲ ನಗಲಿಲ್ಲ. "ಮಾಲೀಕ ನಿನ್ನೆ ಫೋನ್ ಮಾಡಿದ್ದ. ಕಿರೀಟ ಬಂದ್ರೆ ತಂಡ ಇಲ್ಲೇ ಇರುತ್ತೆ, ಇಲ್ಲಾಂದ್ರೆ ಕ್ರಿಸ್‌ಮಸ್ ಒಳಗೆ ಗಂಟುಮೂಟೆ. ನಂಗೇನಪ್ಪ, ನಾನು ಎಲ್ಲಾದ್ರೂ ಕೆಲ್ಸ ಹುಡುಕ್ಕೋತೀನಿ. ನೀನು ಏನ್ ಮಾಡ್ತೀಯಾ? ಈ ನೆಲದ ಮೇಲೆ ಲಾರಿ ನಿಲ್ಲಿಸ್ತಾರೆ."

ಟಾಲಿವರ್ ಹೋದ ಮೇಲೆ ಎಮಿಲ್ ಕೊಳವೆ ಬಿಚ್ಚಿ ಒಂದನೇ ಬೇಸಿನ ಪಕ್ಕ ಎಂದಿಗಿಂತ ಹತ್ತು ನಿಮಿಷ ಹೆಚ್ಚು ನೀರು ಬಿಟ್ಟ. ಬರೀ ನೀರು ತಾನೇ, ಬಿಸಿಲಿಗೆ ಆರುತ್ತದೆ ಎಂದುಕೊಂಡ. ಓಡೆಲ್ ಒಂದೇ ಸಲ ಓಡಿ ಸಿಕ್ಕಿಬಿದ್ದ. ಫೆರಿಮೆನ್ ಗೆದ್ದಿತು. ಎರಡು, ಎರಡು.

ಭಾನುವಾರ ಮಧ್ಯಾಹ್ನ ಎರಡಕ್ಕೆ ಐದನೆಯ ಆಟ. ಬೆಳಿಗ್ಗೆ ಎಂಟಕ್ಕೆ ಟಾಲಿವರ್ ಕೊಟ್ಟಿಗೆಯ ಬಾಗಿಲಲ್ಲೇ ಕಾದಿದ್ದ. ನೀರು ಸಾಲದು, ಅಗೆದು ತೆಗೆಯಬೇಕು ಎಂದ. ಎಮಿಲ್ ಇಗರ್ಜಿಗೆ ಹೋಗುವ ಕೋಟು ತೊಟ್ಟು ಬಂದಿದ್ದ. ಕೋಟು ತೆಗೆದು ಮೊಳೆಗೆ ತೂಗುಹಾಕಿದ. ಅವನು ಯಾಕೆ ಒಪ್ಪಿದ ಎನ್ನುವುದನ್ನು ಮುಂದೆ ಡೊಲೊರೆಸ್ ಎಷ್ಟೋ ಸಲ ಕೇಳಿದಳು. ಒಮ್ಮೆ "ಊರಿಗೋಸ್ಕರ" ಎಂದ. ಇನ್ನೊಮ್ಮೆ "ಮೈದಾನ ಉಳೀಲಿ ಅಂತ" ಎಂದ. ಎರಡೂ ನಿಜವೇ. ಆದರೆ ಹಿಂದಿನ ದಿನ ಗೆದ್ದಾಗ ಟಾಲಿವರ್ ಎಲ್ಲ ಆಟಗಾರರ ಎದುರಿಗೆ ಅವನತ್ತ ಬೆರಳು ತೋರಿಸಿ ಕಣ್ಣು ಮಿಟುಕಿಸಿದ್ದ, ಇಡೀ ತಂಡ ತಿರುಗಿ ಅವನನ್ನು ನೋಡಿತ್ತು. ಅದೂ ಒಂದು ಕಾರಣ. ಅದನ್ನು ಅವನು ಯಾರಿಗೂ ಹೇಳಲಿಲ್ಲ.

ಒಂದನೇ ಬೇಸಿನಿಂದ ಮೂರು ಹೆಜ್ಜೆ ಆಚೆಗೆ, ಓಡುವವನು ಮೊದಲು ಕಾಲು ಕೀಳುವ ಕಡೆ, ಇಬ್ಬರು ಮಲಗುವಷ್ಟು ಜಾಗವನ್ನು ಗೇಣುದ್ದ ಆಳಕ್ಕೆ ಅಗೆದ. ತನ್ನ ಕೈಯಾರೆ ಜರಡಿ ಹಿಡಿದ ಜೇಡಿಯನ್ನು ತಳ್ಳುಗಾಡಿಗೆ ತುಂಬಿ ಬೇಲಿಯ ಹಿಂದೆ ಸುರಿದ. ಹೊಂಡಕ್ಕೆ ಹೊಳೆಯ ಮರಳು, ಕೊಳೆತ ಎಲೆಯ ಸಡಿಲ ಮಣ್ಣು ತುಂಬಿ, ನೀರು ಕುಡಿಸಿ, ಮೇಲೆ ಬೆರಳು ದಪ್ಪ ಕೆಂಪು ಮಣ್ಣಿನ ಹೊದಿಕೆ ಹಾಕಿದ. ಎಮಿಲ್ ಯಾವುದನ್ನೂ ಅರೆಬರೆ ಮಾಡುವವನಲ್ಲ. ಮುಗಿದ ಮೇಲೆ ಎಲ್ಲಿ ಹಳೆಯದು ಮುಗಿದು ಎಲ್ಲಿ ಹೊಸದು ಶುರುವಾಗುತ್ತದೆಂದು ಅವನ ಕಣ್ಣಿಗೂ ಕಾಣಿಸುತ್ತಿರಲಿಲ್ಲ.

ಒಂದು ಗಂಟೆಗೆ ಮ್ಯೂಲ್ಸ್‌ನ ಮ್ಯಾನೇಜರ್ ಅಂಪೈರ್ ಲೈಲ್‌ನನ್ನು ಎಳೆದುಕೊಂಡು ಬಂದ. ನಿನ್ನೆಯ ನೀರಿನ ಸಿಟ್ಟು ಅವನಲ್ಲಿ ಇನ್ನೂ ಆರಿರಲಿಲ್ಲ. ಲೈಲ್ ಶೂನ ತುದಿಯಿಂದ ಒತ್ತಿ ನೋಡಿದ. ಮಣ್ಣು ಸ್ವಲ್ಪ ಕುಸಿಯಿತು.

"ಏನಪ್ಪಾ ಎಮಿಲ್, ಇಲ್ಲಿ ಮೆತ್ತಗಿದೆಯಲ್ಲ?"

"ಬೆಳಿಗ್ಗೆ ಪೈಪು ಒಡೆದಿತ್ತು. ಮೇಲೆ ಮಾತ್ರ ಹಸಿ."

"ಸಲಿಕೆ ತಂದು ಅಗೆದು ನೋಡೋಣ ಅಂತಾನೆ ಇವ್ನು."

ಎಮಿಲ್‌ನ ಧ್ವನಿ ಎಂದಿನಂತೆಯೇ ಹೊರಟಿತು. ಅದಕ್ಕೆ ಅವನಿಗೇ ಆಶ್ಚರ್ಯವಾಯಿತು. "ಅಗೀರಿ ಬೇಕಾದ್ರೆ. ಕೆಳಗೆ ಗಟ್ಟಿಯಿದೆ."

ಲೈಲ್ ಮ್ಯೂಲ್ಸ್‌ನ ಮ್ಯಾನೇಜರ್ ಕಡೆ ತಿರುಗಿದ. "ಕೇಳಿಸ್ತಾ? ಹ್ರುಸ್ಕಾ ಹೇಳ್ತಿದಾನೆ, ಕೆಳಗೆ ಗಟ್ಟಿಯಿದೆ ಅಂತ. ಇನ್ನು ಅಗೆಯೋದೇನು? ಈ ಮನುಷ್ಯ ಸ್ವಂತ ತಂಡದ ವಿರುದ್ಧ ಸಾಕ್ಷಿ ಹೇಳಿದೋನು. ನಡಿ, ಆಟ ಶುರು ಮಾಡೋಣ."

ಒಂಬತ್ತು ಸರದಿಯ ಆಟದಲ್ಲಿ ಏಳನೆಯದರ ಹೊತ್ತಿಗೆ ಫೆರಿಮೆನ್ ಮೂರು ರನ್, ಮ್ಯೂಲ್ಸ್ ಎರಡು. ಆವರೆಗೆ ಓಡೆಲ್‌ಗೆ ಒಂದನೇ ಬೇಸು ಸಿಕ್ಕಿರಲಿಲ್ಲ, ಬೇರೆ ಯಾರೂ ಅಲ್ಲಿಂದ ಕದ್ದು ಓಡಿರಲಿಲ್ಲ. ಈಗ ಸಿಕ್ಕಿತು. ಮೈದಾನವಿಡೀ ಎದ್ದು ನಿಂತಿತು. ಎಮಿಲ್ ಬಲಗಡೆ ಬೇಲಿಯ ಪಕ್ಕ, ಕೊಟ್ಟಿಗೆಯ ಬಾಗಿಲಲ್ಲಿದ್ದ. ಓಡೆಲ್ ಬೇಸಿನಿಂದ ಎರಡು ಹೆಜ್ಜೆ ಸರಿದು, ಬೆರಳ ತುದಿಯಿಂದ ನೆಲವನ್ನು ಮುಟ್ಟಿ, ತಲೆಯೆತ್ತಿ ಕೊಟ್ಟಿಗೆಯ ಕಡೆ ನೋಡಿದ. ನಿಜವಾಗಿ ತನ್ನನ್ನೇ ನೋಡಿದನೋ, ಅಥವಾ ಬರೀ ಬೇಲಿಯ ಬಾವುಟದ ಗಾಳಿ ನೋಡಿದನೋ, ಎಮಿಲ್‌ಗೆ ಕೊನೆತನಕ ಗೊತ್ತಾಗಲಿಲ್ಲ. ಕೈಯೆತ್ತಿ ಬೇಡವೆಂದು ಸನ್ನೆ ಮಾಡಲು ಆಗ ಹೊತ್ತಿತ್ತು. ಕೈ ಏಳಲಿಲ್ಲ. ಎಮಿಲ್ ತನ್ನ ಬೂಟುಗಳನ್ನು ನೋಡಿಕೊಂಡ.

ಪಿಚರ್ ಕೈಯೆತ್ತಿದ. ಓಡೆಲ್ ಹೊರಟ. ಮೊದಲ ಹೆಜ್ಜೆ ಬಿತ್ತು. ಎರಡನೆಯದರಲ್ಲಿ ಎಡಗಾಲು ಕಣಕಾಲಿನವರೆಗೆ ಹೂತುಹೋಯಿತು, ಮೈ ಮಾತ್ರ ಮುಂದೆ ಹೋಯಿತು. ಮಂಡಿ ಯಾವ ಕಡೆಗೆ ಬಾಗಬಾರದೋ ಆ ಕಡೆಗೆ ಬಾಗಿತು. ಜನಕ್ಕೆ ಅವನು ಬಿದ್ದದ್ದು ಮಾತ್ರ ಕಂಡಿತು, ಹೋ ಎಂದು ಕೂಗಿದರು. ಎರಡನೇ ಬೇಸಿನವನು ಚೆಂಡು ಹಿಡಿದು ಬಂದು, ನೆಲದಲ್ಲಿ ಬಿದ್ದವನ ಭುಜಕ್ಕೆ ಮುಟ್ಟಿಸಿ ಔಟ್ ಮಾಡಿದ. ಹಾಗೆ ಮಾಡಿದ ಮೇಲೆಯೇ ಅವನು ಓಡೆಲ್‌ನ ಮುಖ ನೋಡಿದ್ದು. ಕೈಗವಸು ಬಿಸಾಕಿ ಡಾಕ್ಟರನ್ನು ಕೂಗಿದ.

ನಾಲ್ವರು ಓಡೆಲ್‌ನನ್ನು ಎತ್ತಿಕೊಂಡು ಹೋದರು. ಆಮೇಲೆ ಎಮಿಲ್‌ನ ಕೆಲಸ. ಕಾಲು ಹೂತ ಗುಂಡಿಯನ್ನು ಮುಚ್ಚದೆ ಆಟ ಮುಂದುವರಿಯುವಂತಿರಲಿಲ್ಲ. ಅವನು ಕುಂಟೆ ಹಿಡಿದು ಹೋದ. ಗುಂಡಿಯಲ್ಲಿ ಶೂನ ಅಚ್ಚು ಹಾಗೇ ಇತ್ತು. ಎಳೆದು ಮುಚ್ಚಿದ. ಬಲಗಡೆಯ ಅಟ್ಟಣಿಗೆಯಲ್ಲಿ ಯಾರೋ "ಎಮಿಲ್! ಎಮಿಲ್!" ಎಂದು ಶುರು ಮಾಡಿದರು. ಹತ್ತು ಜನ ದನಿಗೂಡಿಸಿದರು, ಆಮೇಲೆ ನೂರು. ಏನು ನಡೆದಿದೆಯೆಂದು ಊರಿಗೆ ಅರ್ಥವಾಗಿತ್ತು. ಲೈಲ್ ಹತ್ತಡಿ ದೂರದಲ್ಲಿ ನಿಂತಿದ್ದ. ಅವನೂ ಆ ಕೂಗನ್ನು ಕೇಳಿದ. ಆಟ ಮುಂದುವರಿಸಲು ಕೈಸನ್ನೆ ಮಾಡಿದ.

ಆಟ ಮೂರು ಎರಡರಲ್ಲೇ ಮುಗಿಯಿತು. ಫೆರಿಮೆನ್ ಚಾಂಪಿಯನ್.

ಟಾಲಿವರ್ ಪತ್ರಿಕೆಯವರ ಮುಂದೆ ನೀರು ಹಾಕಿಸಿದ್ದನ್ನು ಮುಚ್ಚಿಡಲಿಲ್ಲ, ಅಗೆಸಿದ್ದನ್ನು ಮಾತ್ರ ಹೇಳಲಿಲ್ಲ. ಗೆದ್ದವನಿಗೆ ಅದೊಂದು ತಮಾಷೆ. ಮಾರನೆಯ ದಿನ ಊರಿನ ಪತ್ರಿಕೆಯ ಮೊದಲ ಪುಟದಲ್ಲಿ ಕೊಳವೆ ಹಿಡಿದು ನಿಂತ ಎಮಿಲ್‌ನ ಚಿತ್ರ ಬಂತು, ಕೆಳಗೆ "ನಮ್ಮ ಹತ್ತನೇ ಆಟಗಾರ" ಎಂದಿತ್ತು. ಬೇಸ್‌ಬಾಲಿನಲ್ಲಿ ತಂಡಕ್ಕೆ ಒಂಬತ್ತೇ ಜನ. ಸ್ಲೋವಾಕ್ ಕ್ಲಬ್ಬಿನಲ್ಲಿ ಅವನು ಕೂತಲ್ಲಿಗೇ ಬಿಯರ್ ಬರತೊಡಗಿತು. ಎಂದೂ ಮಾತಾಡಿಸದ ಬ್ಯಾಂಕಿನವನು ಬೆನ್ನು ತಟ್ಟಿದ. ಆ ಮೂರು ದಿನ ಎಮಿಲ್‌ಗೆ ಅದು ಹಿತವಾಗಿತ್ತು. ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಅವನು ಪತ್ರಿಕೆಯ ಐದು ಪ್ರತಿ ಕೊಂಡು ತಂದ. ಡೊಲೊರೆಸ್ ಚಿತ್ರವನ್ನು ಬಹಳ ಹೊತ್ತು ನೋಡಿ, "ಇದ್ರಲ್ಲಿ ನಗ್ತಾ ಇದೀಯಲ್ಲ" ಎಂದಷ್ಟೇ ಹೇಳಿ ಮಡಚಿ ಮೇಜಿನ ಮೇಲಿಟ್ಟಳು.

ಬುಧವಾರ ಲೈಲ್ ಫೋನ್ ಮಾಡಿದ.

"ಪೈಪು ಒಡೆದಿತ್ತಾ, ಎಮಿಲ್?"

ಎಮಿಲ್ ಮೇಜಿನ ಮೇಲಿದ್ದ ಪತ್ರಿಕೆಯನ್ನು ಆಚೆ ಸರಿಸಿದ.

"ಒಡೆದಿತ್ತೋ ಇಲ್ವೋ, ಅದೊಂದು ಹೇಳು."

"ಇಲ್ಲ."

"ಸರಿ" ಎಂದು ಲೈಲ್ ಫೋನ್ ಇಟ್ಟ. ಇನ್ನೆಂದೂ ಮಾಡಲಿಲ್ಲ.

ಗುರುವಾರ ಎಮಿಲ್ ಆಸ್ಪತ್ರೆಗೆ ಹೋದ. ಮ್ಯೂಲ್ಸ್ ತಂಡದ ಬಸ್ಸು ಸೋಮವಾರವೇ ಊರು ಬಿಟ್ಟಿತ್ತು. ಓಡೆಲ್ ಒಬ್ಬನೇ ಮಲಗಿದ್ದ, ಕಾಲು ಸೊಂಟದವರೆಗೆ ಪ್ಲಾಸ್ಟರಿನಲ್ಲಿತ್ತು. ಡೊಲೊರೆಸ್ ಕಟ್ಟಿಕೊಟ್ಟ ಗಸಗಸೆ ರೊಟ್ಟಿಯ ಡಬ್ಬಿಯನ್ನು ಎಮಿಲ್ ಮಂಚದ ಪಕ್ಕ ಇಟ್ಟ.

"ಡಾಕ್ಟರು ಏನಂತಾರೆ?"

"ನಡೀತೀಯ ಅಂತಾರೆ" ಎಂದ ಓಡೆಲ್. "ಓಡ್ತೀನಾ ಅಂತ ಕೇಳಿದ್ರೆ ಕಿಟಕಿ ನೋಡ್ತಾರೆ."

ಎಮಿಲ್ ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತಾ ಕೂತ. ಕ್ಷಮೆ ಕೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದ. ಆದರೆ ಓಡೆಲ್ ತಾನೇ ಮೊದಲು ಮಾತೆತ್ತಿದ.

"ಪೇಪರ್ ಓದಿದೆ, ಮಿಸ್ಟರ್ ಎಮಿಲ್. ನೀರು ಹಾಕ್ತಾರೆ, ಅದು ನಂಗೂ ಗೊತ್ತು. ಎಲ್ಲಾ ಕಡೆ ಹಾಕ್ತಾರೆ. ನೀರು ಹಾಕಿದ್ ನೆಲದಲ್ಲಿ ಹೆಂಗೆ ಓಡ್ಬೇಕು ಅಂತ ನಂಗೆ ಬರುತ್ತೆ, ಮೆಲ್ಲಗೆ ಕಾಲು ಕೀಳ್ಬೇಕು. ಅವತ್ತೂ ಹಂಗೇ ಮಾಡೋನಿದ್ದೆ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕೇಳಲಾಗದ ಹಾಗಿತ್ತು. "ಆದ್ರೆ ನಮ್ಮ ಮ್ಯಾನೇಜರ್ ಬಂದು ಹೇಳಿದ್ರು, ಹ್ರುಸ್ಕಾ ಕೆಳಗೆ ಗಟ್ಟಿಯಿದೆ ಅಂದಿದಾನಂತೆ ಅಂತ. ಬೇರೆ ಯಾರಾದ್ರೂ ಅಂದಿದ್ರೆ ನಂಬ್ತಿರ್ಲಿಲ್ಲ. ನೀವು ಅಂದ್ರಿ ಅಂತ ಪೂರ್ತಿ ಕಾಲು ಒತ್ತಿದೆ."

ಎಮಿಲ್ ಎದ್ದ. ಬಾಗಿಲವರೆಗೆ ಹೋಗಿ ನಿಂತ. "ನಾನು…" ಎಂದ.

"ರೊಟ್ಟಿ ತಗೊಂಡ್ ಹೋಗಿ" ಎಂದ ಓಡೆಲ್, ಗೋಡೆಯ ಕಡೆ ಮುಖ ತಿರುಗಿಸಿ.

ಆ ಶನಿವಾರ ಎಮಿಲ್ ಪಾಪನಿವೇದನೆಗೆ ಪಾದ್ರಿಯ ಹತ್ತಿರ ಹೋದ. ಸುಳ್ಳು ಹೇಳಿದೆ, ಒಬ್ಬನ ಕಾಲು ಹೋಯಿತು ಎಂದ. ಪಾದ್ರಿ ಭಾನುವಾರದ ಆಟಕ್ಕೆ ಮೂರನೇ ಸಾಲಿನಲ್ಲಿ ಕೂತಿದ್ದವರು. ಹೇಳಬೇಕಾದ ಪ್ರಾರ್ಥನೆ ಹೇಳಿಕೊಟ್ಟರು, ಆಮೇಲೆ ದನಿ ತಗ್ಗಿಸಿ, "ಬರೋ ವರ್ಷಾನೂ ಟಾಲಿವರ್ ಇರ್ತಾರೆ ತಾನೇ?" ಎಂದು ಕೇಳಿದರು.

ಟಾಲಿವರ್ ಇರಲಿಲ್ಲ. ಮೇಲಿನ ಲೀಗಿನ ಒಂದು ತಂಡ ಅವನನ್ನು ಕರೆಸಿಕೊಂಡಿತು. ಚಾಂಪಿಯನ್ ಮ್ಯಾನೇಜರಿಗೆ ಬೆಲೆ ಇರುತ್ತದೆ. ಚಾಂಪಿಯನ್ ತಂಡಕ್ಕೂ ಇರುತ್ತದೆ. ಮಾಲೀಕ ಜನವರಿಯಲ್ಲಿ ಅದನ್ನು ಫ್ಲಾರಿಡಾದವನಿಗೇ ಮಾರಿದ, ಕಿರೀಟ ಬಂದದ್ದರಿಂದ ಒಳ್ಳೆಯ ಗಿರಾಕಿ ಸಿಕ್ಕಿತು ಎಂದು ಪತ್ರಿಕೆಗೆ ತಾನೇ ಹೇಳಿದ. ಮಾರ್ಚಿನಲ್ಲಿ ಹಿಮ ಕರಗಿದಾಗ ಮೈದಾನದ ಗೇಟಿಗೆ ಸರಪಳಿ ಬಿದ್ದಿತ್ತು. ಎರಡು ವರ್ಷದ ಮೇಲೆ ಅಲ್ಲಿ ಡಾಂಬರು ಹಾಕಿ ಲಾರಿ ನಿಲ್ಲಿಸತೊಡಗಿದರು.

ಎಮಿಲ್‌ಗೆ ಇಗರ್ಜಿಯ ಸ್ಮಶಾನದಲ್ಲಿ ಹುಲ್ಲು ಕತ್ತರಿಸುವ, ಗುಂಡಿ ತೋಡುವ ಕೆಲಸ ಸಿಕ್ಕಿತು. ಚೊಕ್ಕವಾಗಿ ಮಾಡಿದ. ಅಲ್ಲಿ ಯಾರೂ ಬೈಯುತ್ತಿರಲಿಲ್ಲ. ಸಾವಿಗೆ ಬಂದವರಲ್ಲಿ ಒಬ್ಬನಾದರೂ ಅವನ ಪಕ್ಕೆಗೆ ತಿವಿದು, "ನೀರು ಹಾಕಿಲ್ಲ ತಾನೇ, ಹತ್ತನೇ ಆಟಗಾರ?" ಎನ್ನದೆ ಹೋಗುತ್ತಿರಲಿಲ್ಲ.

ಮೂರು ವರ್ಷ ಕಳೆದ ಮೇಲೆ ಅವನು ಓಡೆಲ್‌ಗೆ ಒಂದು ಕಾಗದ ಬರೆದ. ವಾರ್ಡೆಲ್‌ನ ಕಚೇರಿಯಿಂದ ವಿಳಾಸ ತರಿಸಿಕೊಳ್ಳಲು ಆರು ತಿಂಗಳು ಹಿಡಿದಿತ್ತು, ಕಾಗದ ಬರೆಯಲು ಒಂದು ಚಳಿಗಾಲ. ಪೈಪು ಒಡೆದಿರಲಿಲ್ಲ, ನಾನೇ ಅಗೆದದ್ದು, ಗೊತ್ತಿದ್ದೂ ಗಟ್ಟಿಯಿದೆ ಎಂದೆ ಎಂದು ನೇರವಾಗಿ ಬರೆದಿದ್ದ. ಉತ್ತರ ಓಡೆಲ್‌ನ ಅಕ್ಕನಿಂದ ಬಂತು. ತಮ್ಮ ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದಾನೆ, ಕೂತು ಮಾಡುವ ಕೆಲಸ. ಮದುವೆಯಾಗಿದೆ. ಆಟದ ಮಾತು ಮನೆಯಲ್ಲಿ ಆಡುವುದಿಲ್ಲ. ನಿಮ್ಮ ಕಾಗದ ಅವನಿಗೆ ಕೊಟ್ಟಿಲ್ಲ, ಕೊಡುವುದೂ ಇಲ್ಲ. "ನಿಮಗೆ ಹಗುರ ಆಗಲಿ ಅಂತ ಅವನ ಮೇಲೆ ಇನ್ನೊಂದು ಹೊರೆ ಹಾಕಬೇಡಿ, ದಯವಿಟ್ಟು ಮತ್ತೆ ಬರೆಯಬೇಡಿ." ಎಮಿಲ್ ಮತ್ತೆ ಬರೆಯಲಿಲ್ಲ.

ಗೆದ್ದ ಹದಿನೈದನೇ ವರ್ಷಕ್ಕೆ ಸ್ಲೋವಾಕ್ ಕ್ಲಬ್ಬಿನಲ್ಲಿ ಹಳೆಯ ಆಟಗಾರರನ್ನೆಲ್ಲ ಸೇರಿಸಿ ಒಂದು ಮಧ್ಯಾಹ್ನದ ಊಟ ಇಟ್ಟರು. ಗಾಜಿನ ಕಾರ್ಖಾನೆ ಆಗ ಪೂರ್ತಿ ಮುಚ್ಚಿತ್ತು. ಊರಿಗೆ ಸಂಭ್ರಮಪಡಲು ಬೇರೇನೂ ಉಳಿದಿರಲಿಲ್ಲ. ಎಮಿಲ್ ಬರುವುದಿಲ್ಲ ಎಂದ. ಡೊಲೊರೆಸ್, "ಹೋಗು. ಒಂದು ಸಲ ನಿನ್ನ ಬಾಯಿಂದ್ಲೇ ಹೇಳ್ಬಿಡು ಅವ್ರಿಗೆ. ಮನೇಲಿ ನನ್ಹತ್ರ ಹೇಳಿ ಹೇಳಿ ಏನು ಬಂತು?" ಎಂದು ಕೋಟು ತಂದುಕೊಟ್ಟಳು.

ಹೊಟ್ಟೆ ಬಂದ, ತಲೆ ನೆರೆತ ಆಟಗಾರರು ಹನ್ನೊಂದು ಜನ ಬಂದಿದ್ದರು. ಟಾಲಿವರ್ ಊರುಗೋಲಿನ ಮೇಲೆ ಬಂದಿದ್ದ. ಫೋಟೋಕ್ಕೆಂದು ಯಾರೋ ತೋಟದ ಕೊಳವೆಯೊಂದನ್ನು ತಂದು ಎಮಿಲ್‌ನ ಹೆಗಲಿಗೆ ಹಾಕಿದರು. ಒಬ್ಬೊಬ್ಬನೇ ಆಟಗಾರ ಮೈಕಿನ ಮುಂದೆ ಬಂದು ಎರಡು ಮಾತಾಡಿದ. ಕೊನೆಗೆ ಎಮಿಲ್‌ನ ಸರದಿ. ಅವನು ಕೊಳವೆಯನ್ನು ತೆಗೆದು ಕುರ್ಚಿಯ ಮೇಲಿಟ್ಟು ಎದ್ದ.

"ನೀವೆಲ್ಲ ನೀರು ಅಂತೀರಿ" ಎಂದು ಶುರು ಮಾಡಿದ. "ಅದು ನೀರಲ್ಲ. ನಾನು ಗೇಣುದ್ದ ಅಗೆದು ಮರಳು ತುಂಬಿದ್ದೆ."

ಒಬ್ಬ ಸಿಳ್ಳೆ ಹಾಕಿದ.

"ಅಂಪೈರ್ ಬಂದು ನನ್ನನ್ನ ಕೇಳಿದ. ಕೆಳಗೆ ಗಟ್ಟಿಯಿದೆ ಅಂದೆ. ಸುಳ್ಳು ಹೇಳಿದೆ."

ಇಡೀ ಸಭೆ ಗೊಳ್ಳೆಂದು ನಕ್ಕಿತು. ಮುಂದಿನ ಮೇಜಿನವನು ಮೇಜು ಬಡಿದ. "ಮುಖ ನೋಡ್ರೋ ಅವನ್ದು, ಈಗ್ಲೂ ಹೆಂಗೆ ಸೀರಿಯಸ್ಸಾಗಿ ಹೇಳ್ತಾನೆ!" ಎಂದು ಯಾರೋ ಕೂಗಿದರು. ಮತ್ತೆ ನಗು.

"ನಗ್ಬೇಡಿ" ಎಂದ ಎಮಿಲ್. ಅದಕ್ಕೂ ನಕ್ಕರು. "ಒಬ್ಬನ ಕಾಲು ಹೋಯ್ತು. ಅವನು ನನ್ನ ಮಾತು ನಂಬಿ ಓಡಿದ್ದ. ಇಪ್ಪತ್ತೆರಡು ವರ್ಷ ಅವನಿಗೆ." ಈಗ ಕೆಲವರು ನಗುವುದನ್ನು ನಿಲ್ಲಿಸಿ ತಮ್ಮ ತಟ್ಟೆ ನೋಡಿಕೊಂಡರು, ಕೆಲವರಿಗೆ ನಿಲ್ಲಿಸುವುದು ತಡವಾಯಿತು. ಊಟ ನಡೆಸಿಕೊಡುತ್ತಿದ್ದವನು ಬೇಗ ಎದ್ದು ಚಪ್ಪಾಳೆ ತಟ್ಟಿ, "ನಮ್ಮ ಹತ್ತನೇ ಆಟಗಾರ, ಎಮಿಲ್ ಹ್ರುಸ್ಕಾ!" ಎಂದು ಮೈಕನ್ನು ಅವನ ಕೈಯಿಂದ ಮೆಲ್ಲಗೆ ತೆಗೆದುಕೊಂಡ. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಹೊರಗೆ ಮೆಟ್ಟಿಲ ಮೇಲೆ ಡೊಲೊರೆಸ್ ಕಾರು ತರಲೆಂದು ಅವನು ಕಾಯುತ್ತಿದ್ದಾಗ ಟಾಲಿವರ್ ಊರುಗೋಲು ಕುಟ್ಟುತ್ತಾ ಬಂದು ಹೆಗಲ ಮೇಲೆ ಕೈ ಹಾಕಿದ.

"ಚೆನ್ನಾಗಿ ಹೇಳ್ದೆ ಕಣೋ. ಆ ಅಂಪೈರಿನ ಭಾಗ ಅಂತೂ ಭೇಷ್. ಆದ್ರೆ ಇನ್ನೊಂದ್ಸಲ ಹೇಳೋವಾಗ ಆ ಕಾಲಿನ ವಿಷ್ಯ ಬಿಟ್ಬಿಡು. ಹೆಂಗಸ್ರು ಬಂದಿರ್ತಾರೆ, ಬೇಜಾರು ಮಾಡ್ಕೋತಾರೆ."

ಎಮಿಲ್ ಅವನ ಕೈಯನ್ನು ತನ್ನ ಹೆಗಲಿಂದ ಎತ್ತಿ, ಊರುಗೋಲಿನ ಮೇಲೆ ಇಟ್ಟ. "ನೀನು ಬಿದ್ದೀಯ, ಹಿಡ್ಕೋ" ಎಂದಷ್ಟೇ ಹೇಳಿ ಕಾರಿನ ಕಡೆ ನಡೆದ.

ಮುಂದಿನ ಫೆಬ್ರವರಿಯಲ್ಲಿ ಎಮಿಲ್ ಹ್ರುಸ್ಕಾ ನ್ಯುಮೋನಿಯಾದಿಂದ ತೀರಿಕೊಂಡ. ನೆಲ ಕಲ್ಲಾಗಿತ್ತು. ಅವನ ಗುಂಡಿಯನ್ನು ಯಂತ್ರ ತರಿಸಿ ತೋಡಬೇಕಾಯಿತು. ಪತ್ರಿಕೆಯಿಂದ ಒಬ್ಬಳು ಹುಡುಗಿ ಡೊಲೊರೆಸ್‌ಗೆ ಫೋನ್ ಮಾಡಿ, ನಿಮ್ಮ ಯಜಮಾನರ ಬಗ್ಗೆ ನಾಲ್ಕು ಮಾತು ಹೇಳಿ, ಬರೀತೀವಿ ಎಂದಳು.

"ಇಪ್ಪತ್ತಮೂರು ವರ್ಷ ನೆಲಾನ ಮಟ್ಟವಾಗಿ ಇಟ್ಟಿದ್ರು" ಎಂದಳು ಡೊಲೊರೆಸ್. "ಅದನ್ನ ಬರೀರಿ."

"ಅದು ಸರಿ ಅಮ್ಮಾ, ಆದ್ರೆ ಆ ನೀರು ಹಾಕಿದ್ ಕಥೆ ಇದೆಯಲ್ಲ…"

"ಇಪ್ಪತ್ತಮೂರು ವರ್ಷ" ಎಂದಳು ಡೊಲೊರೆಸ್. "ಎಂಟು ಸಾವಿರಕ್ಕೂ ಹೆಚ್ಚು ದಿನ ಆಗುತ್ತೆ. ನೀವು ಬರೆಯೋದು ಅದ್ರಲ್ಲಿ ಒಂದು ಬೆಳಿಗ್ಗೆ."

ಹುಡುಗಿ ಬರೆದುಕೊಂಡಳು. ಮಾರನೆಯ ದಿನ ಪತ್ರಿಕೆಯಲ್ಲಿ ಆ ಒಂದು ಬೆಳಗಿನ ಕಥೆಯೇ ಬಂತು.